ಬೀಡಿ ಕಟ್ಟಿದ ಕೈಗೆ ಎಷ್ಟು ಪಿಂಚಣಿ? ಚಿಲಿ, ಸ್ವೀಡನ್ ತೋರಿಸಿದ ದಾರಿ

ಬಂಟ್ವಾಳ, ಉಳ್ಳಾಲ, ಕಾರ್ಕಳದ ಕಡೆ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ತಾಯಂದಿರು ಬಹಳ ಮಂದಿ. ಅವರಿಗೆ ಪಿಎಫ್ ಸುಲಭವಾಗಿ ದಕ್ಕಲಿಲ್ಲ. 1952ರ ಭವಿಷ್ಯ ನಿಧಿ ಕಾಯ್ದೆ ಬೀಡಿ ಉದ್ಯಮಕ್ಕೆ ಅನ್ವಯವಾದದ್ದು 1977ರಲ್ಲಿ. ಮನೆಯಲ್ಲಿ ಕುಳಿತು ಕಟ್ಟುವವರು ನೌಕರರೇ ಅಲ್ಲ ಎಂಬ ಮಾಲೀಕರ ವಾದವನ್ನು ಸುಪ್ರೀಂ ಕೋರ್ಟ್ 1985ರಲ್ಲಿ ತಳ್ಳಿಹಾಕಿತು. 1995ರಲ್ಲಿ ನೌಕರರ ಪಿಂಚಣಿ ಯೋಜನೆಯೂ ಬಂತು.

ಆದರೆ ಲೆಕ್ಕ ನೋಡಿ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಸಂಬಳ 5,000 ರೂಪಾಯಿ, ಸೇವೆ 14 ವರ್ಷ ಎಂದಾದರೆ ತಿಂಗಳಿಗೆ ಸಿಗುವುದು 1,000. ಎಲೆ, ತಂಬಾಕು ಕೊಟ್ಟು ಕಟ್ಟಿದ ಬೀಡಿ ಪಡೆಯುವ ಬ್ರಾಂಚಿನಿಂದ ಸರಕು ಬಾರದ ವಾರಗಳು, ಹೆರಿಗೆ, ಹಿರಿಯರ ಆರೈಕೆ ಎಲ್ಲವೂ ಈ ಲೆಕ್ಕವನ್ನು ಕುಗ್ಗಿಸುತ್ತವೆ. 2014ರಲ್ಲಿ ಸರ್ಕಾರ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಗದಿ ಮಾಡಿತು. ಮುಂದಿನ ಹತ್ತು ವರ್ಷ ಅಕ್ಕಿಯ ಬೆಲೆ ಏರಿತು, ಆ ಮೊತ್ತ ಏರಲಿಲ್ಲ. ಇದು ಅನ್ಯಾಯ.

ಚಿಲಿ ಇದೇ ಪ್ರಶ್ನೆಯನ್ನು ಕಷ್ಟಪಟ್ಟು ಎದುರಿಸಿತು. 1981ರಲ್ಲಿ ಅಲ್ಲಿನ ಸೇನಾಡಳಿತ, ಕಾರ್ಮಿಕರ ಸಂಬಳದ ಶೇ 10ರಷ್ಟು ಖಾಸಗಿ ಕಂಪನಿಗಳು ನಿರ್ವಹಿಸುವ ವೈಯಕ್ತಿಕ ಖಾತೆಗೆ ಹೋಗಬೇಕೆಂದಿತು. ಮಾಲೀಕರ ಪಾಲು ಇಲ್ಲ. ಸೈನಿಕರಿಗೆ ಮಾತ್ರ ಹಳೆಯ ಪಿಂಚಣಿಯೇ ಉಳಿಯಿತು. ವೈಯಕ್ತಿಕ ಖಾತೆಯ ಈ ಚಿಂತನೆ ಅನೇಕ ದೇಶಗಳಿಗೆ ಹರಡಿತು. ನಮ್ಮಲ್ಲಿ 2004ರಿಂದ ಕೇಂದ್ರ ನೌಕರಿಗೆ ಹೊಸದಾಗಿ ಸೇರಿದವರು ವೈಯಕ್ತಿಕ ಖಾತೆಯ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಬಂದರು, 2006ರಿಂದ ಕರ್ನಾಟಕ ಸರ್ಕಾರಿ ನೌಕರಿಗೆ ಸೇರಿದವರೂ. ಅದರಲ್ಲಿ ಮಾಲೀಕನಾದ ಸರ್ಕಾರವೂ ಪಾಲು ಕೊಡುತ್ತದೆ. ನಮ್ಮ ಸೇನಾಪಡೆಗಳೂ ಅದರ ಹೊರಗೇ ಉಳಿದವು.

ಆಗಾಗ ಕೆಲಸ ತಪ್ಪಿದ ಚಿಲಿಯ ಮಹಿಳೆಯರ ಖಾತೆಗಳಲ್ಲಿ ಬದುಕಿಗಾಗುವಷ್ಟು ಹಣ ಸೇರಲೇ ಇಲ್ಲ. 2008ರಲ್ಲಿ ತೆರಿಗೆ ಹಣದಿಂದ ಕನಿಷ್ಠ ಪಿಂಚಣಿ ಬಂತು. 2022ರಲ್ಲಿ ಅದನ್ನು ಅತಿ ಶ್ರೀಮಂತ ಶೇ 10 ಮಂದಿಯನ್ನು ಬಿಟ್ಟು 65 ದಾಟಿದ ಎಲ್ಲರಿಗೂ ವಿಸ್ತರಿಸಿದರು. ಮಾಲೀಕರ ಪಾಲನ್ನೂ 2025ರ ಕಾನೂನು ಹಂತಹಂತವಾಗಿ ತರುತ್ತಿದೆ.

ಸ್ವೀಡನ್ ಇನ್ನೂ ಸೂಕ್ಷ್ಮವಾಗಿ ಯೋಚಿಸಿದೆ. ಅಲ್ಲಿ ಮಕ್ಕಳನ್ನು ಸಾಕಿದ ವರ್ಷಗಳೂ ಪಿಂಚಣಿ ಲೆಕ್ಕಕ್ಕೆ ಸೇರುತ್ತವೆ, ಕಡಿಮೆ ಗಳಿಸಿದವರಿಗೆ ಸರ್ಕಾರ ಕೊಡುವ ಖಾತರಿ ಪಿಂಚಣಿ ಬೆಲೆಯೊಂದಿಗೆ ಏರುತ್ತದೆ.

ನಮ್ಮ ನೌಕರರ ಪಿಂಚಣಿ ಯೋಜನೆಗೆ ಕೇಂದ್ರ ಸರ್ಕಾರ ಸಂಬಳದ ಶೇ 1.16ರಷ್ಟು ಈಗಲೂ ಕೊಡುತ್ತದೆ. ಅಂದರೆ ತೆರಿಗೆ ಹಣ ಸೇರಿಸುವ ಪರಿಪಾಠ ಇದ್ದೇ ಇದೆ. ಕನಿಷ್ಠ ಪಿಂಚಣಿಯನ್ನು ತುಟ್ಟಿಭತ್ಯೆಯಂತೆ ಬೆಲೆ ಸೂಚ್ಯಂಕಕ್ಕೆ ಜೋಡಿಸಿ, ಹೆರಿಗೆಯ ಮತ್ತು ಆರೈಕೆಯ ವರ್ಷಗಳನ್ನು ಸೇವೆಯೆಂದು ಎಣಿಸುವ ಕೆಲಸವನ್ನು ಬೀಡಿ ಕಾರ್ಮಿಕರಿಂದಲೇ ಆರಂಭಿಸಬೇಕು.