ಭಯ ಬಂದಾಗ ಮಗ್ಗುಲು ಬದಲಾಯಿಸಬೇಡಿ

ಇನ್ನು ಹೆಚ್ಚು ದಿನ ಇಲ್ಲ ಅಂತ ಗೊತ್ತಾದವರ ಹತ್ರ ಹೋಗಿ ಮನೆಯವರು ಹೇಳೋ ಮೊದಲನೇ ಮಾತು ‘ಹೆದರ್ಕೋಬೇಡಿ’. ಹೇಳೋರದ್ದು ಒಳ್ಳೆ ಮನಸ್ಸೇ, ಆದ್ರೆ ಆ ಮಾತು ಕೇಳಿದ ತಕ್ಷಣ ಪೇಷೆಂಟ್ ಬಾಯಿ ಮುಚ್ಕೊಂಡುಬಿಡ್ತಾರೆ, ಆಮೇಲೆ ಸಾವಿನ ಭಯದ ಜೊತೆಗೆ ಅದನ್ನ ಮುಚ್ಚಿಡೋ ಕೆಲಸ ಬೇರೆ. ನಾನು ಪ್ಯಾಲಿಯೇಟಿವ್ ಕೇರ್ ಡಾಕ್ಟರ್, ಅಂದ್ರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಮ್ಮಿ ಮಾಡೋದು ನನ್ನ ಕೆಲಸ. ನೋವಿಗೆ ಮಾರ್ಫಿನ್ ಇದೆ, ಉಸಿರು ಕಟ್ಟಿದಂಗೆ ಆದ್ರೂ ಅದೇ ಕಮ್ಮಿ ಡೋಸಲ್ಲಿ ಕೊಡ್ತೀವಿ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗಿ ಮೈಯೆಲ್ಲ ತಣ್ಣಗಾಗುತ್ತಲ್ಲ, ಅದಕ್ಕೆ ಮಾತ್ರೆ ಒಂದೇ ಸಾಲಲ್ಲ.

ನನಗೆ ಇಲ್ಲಿ ದಾರಿ ತೋರಿಸಿದ್ದು ಮಜ್ಝಿಮ ನಿಕಾಯ ಅನ್ನೋ ಪಾಲಿ ಭಾಷೆಯ ಬೌದ್ಧ ಗ್ರಂಥದ 4ನೇ ಸುತ್ತ, ಅಂದ್ರೆ ಉಪದೇಶ, ಭಯಭೇರವ. ಅದರಲ್ಲಿ ಬುದ್ಧ ತನ್ನ ಭಯದ ಬಗ್ಗೆನೇ ಹೇಳ್ಕೊಳ್ತಾನೆ, ಇನ್ನೂ ಜ್ಞಾನೋದಯ ಆಗಿರದ ಕಾಲದ್ದು. ಬೇಕಂತಲೇ ರಾತ್ರಿ ಹೊತ್ತು ಕಾಡಿಗೆ ಹೋಗಿ ಕೂರ್ತಿದ್ದ, ಒಂದು ಜಿಂಕೆ ಹತ್ರ ಬಂದ್ರೆ, ನವಿಲು ಕಡ್ಡಿ ಮುರಿದ್ರೆ, ಗಾಳಿಗೆ ತರಗೆಲೆ ಸರಸರ ಅಂದ್ರೆ ‘ಬಂತು ನೋಡು’ ಅಂತ ಎದೆ ಝಲ್ ಅನ್ನೋದು. ಆಗ ಅವನು ಮಾಡಿದ ತೀರ್ಮಾನ ಇಷ್ಟೇ, ನಡೀತಾ ಇರೋವಾಗ ಭಯ ಬಂದ್ರೆ ಅದು ಇಳಿಯೋವರೆಗೂ ನಿಲ್ಲಲ್ಲ, ಕೂರಲ್ಲ, ನಡೀತಾನೇ ಇರ್ತೀನಿ, ಕೂತಿರೋವಾಗ ಬಂದ್ರೆ ಏಳಲ್ಲ, ಮಲಗಿರೋವಾಗ ಬಂದ್ರೆ ಮಲಗೇ ಇರ್ತೀನಿ. ಭಯ ಓಡಿಸೋಕೆ ಹೋಗಲಿಲ್ಲ, ತಾನೂ ಓಡಲಿಲ್ಲ.

ಹಾಸಿಗೆ ಹಿಡಿದವರಿಗೆ ಇದು ಹೇಗೆ ಅಂತೀರಾ? ಒಂದ್ಸಲ ಒಬ್ರು ಮಂಚದ ಕಂಬಿನ ಎಷ್ಟು ಬಿಗಿಯಾಗಿ ಹಿಡ್ಕೊಂಡಿದ್ರು ಅಂದ್ರೆ ಗೆಣ್ಣೆಲ್ಲ ಬೆಳ್ಳಗಾಗಿತ್ತು. ಹೆದರಿಕೆನಾ ಅಂದೆ, ಹೂಂ ಅಂದ್ರು. ಮೈಯಲ್ಲಿ ಎಲ್ಲಿದೆ? ಗಂಟಲಲ್ಲಿ. ಎಷ್ಟು ದಪ್ಪ? ಮುಷ್ಟಿಯಷ್ಟು. ಬಿಸಿನಾ, ತಣ್ಣಗಾ? ಯೋಚನೆ ಮಾಡಿ ತಣ್ಣಗೆ ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, ಈಗ? ಎದೆಗೆ ಇಳೀತು. ಹೀಗೇ ಕಾಲು ಗಂಟೆ ಆಯ್ತು. ಆಮೇಲೆ ಅವರೇ ‘ಇದು ಒಂದೇ ಥರ ಇರಲ್ಲ ಡಾಕ್ಟ್ರೇ, ಬರುತ್ತೆ, ಹೋಗುತ್ತೆ’ ಅಂದ್ರು. ಅನಿಚ್ಚ ಅಂತ ಪಾಲಿಯಲ್ಲಿ ಹೇಳೋದು ಇದನ್ನೇ, ನಾನು ಆ ಪದ ಎತ್ತಿರಲೇ ಇಲ್ಲ, ಅವರ ಗಂಟಲೇ ಅವರಿಗೆ ಹೇಳಿಕೊಡ್ತು. ಕಂಬಿ ಮೇಲಿನ ಬೆರಳು ಒಂದೊಂದಾಗಿ ಸಡಿಲ ಆಯ್ತು. ಮಾರನೇ ರಾತ್ರಿ ಭಯ ಮತ್ತೆ ಬಂತು, ಬರದೇ ಇರಲ್ಲ, ಆದ್ರೆ ಆವತ್ತು ಬಂದಿದ್ದು ಪರಿಚಯದ ಭಯ.

ಒಂದು ವಿಷಯದಲ್ಲಿ ನಾನು ಹಠ ಮಾಡ್ತೀನಿ. ನೋವಲ್ಲಿ ಒದ್ದಾಡ್ತಿರೋರಿಗೆ ಧ್ಯಾನ ಮಾಡಿ ಅಂತ ದಯವಿಟ್ಟು ಹೇಳ್ಬೇಡಿ. ಬುದ್ಧ ಹೇಳಿದ ಎರಡು ಬಾಣದ ಹೋಲಿಕೆ ಇದ್ಯಲ್ಲ, ಮೊದಲನೇದು ಮೈಗೆ ಚುಚ್ಚೋ ನೋವು, ಎರಡನೇದು ಅದರ ಮೇಲೆ ಮನಸ್ಸು ತಾನೇ ಚುಚ್ಕೊಳ್ಳೋ ಸಂಕಟ, ಧ್ಯಾನ ಕೆಲಸಕ್ಕೆ ಬರೋದು ಎರಡನೇದಕ್ಕೆ. ಮೊದಲನೇದಕ್ಕೆ ಔಷಧಿ ಇರೋವಾಗ ಕೊಡದೇ ಉಪದೇಶ ಮಾಡೋದು ಕ್ರೌರ್ಯ.

ಇನ್ನು ಮರಣಸತಿ, ಅಂದ್ರೆ ಸಾವನ್ನ ನೆನೆಯೋ ಅಭ್ಯಾಸ. ಇದನ್ನ ಹೇಗೆ ಮಾಡ್ತೀರಿ ಅಂತ ಬುದ್ಧ ಕೇಳಿದಾಗ 6 ಜನ ಭಿಕ್ಷುಗಳು ಒಬ್ಬೊಬ್ಬರಾಗಿ ಹೇಳ್ತಾರೆ. ಒಬ್ಬ ಒಂದು ಹಗಲು ರಾತ್ರಿ ಬದುಕಿದ್ರೆ ಸಾಕು ಅಂತ ನೆನೀತೀನಿ ಅಂತಾನೆ, ಇನ್ನೊಬ್ಬ ಒಂದು ಹಗಲು, ಹಾಗೇ ಒಂದು ಊಟದಷ್ಟು ಹೊತ್ತು, ನಾಲ್ಕೈದು ತುತ್ತು, ಒಂದೇ ತುತ್ತು, ಕೊನೆಯವನು ಒಂದು ಉಸಿರು ಒಳಗೆ ಹೋಗಿ ಹೊರಗೆ ಬರೋಷ್ಟು ಹೊತ್ತು. ಬುದ್ಧ ಎಚ್ಚರವಾಗಿದೀರಿ ಅಂದಿದ್ದು ಕೊನೇ ಇಬ್ಬರಿಗೆ ಮಾತ್ರ. ಇದು ಆರೋಗ್ಯವಾಗಿರೋವಾಗ್ಲೇ, ದಿನಾ ಸ್ವಲ್ಪ ಸ್ವಲ್ಪ ಕಲೀಬೇಕಾದ್ದು. ಡಿಪ್ರೆಶನ್ ಇರೋರು, ಬದುಕೇ ಬೇಡ ಅನ್ನಿಸ್ತಿರೋರು ಇದನ್ನ ಒಬ್ರೇ ಕೂತು ಮಾಡೋದು ಬೇಡ, ಮೊದಲು ಡಾಕ್ಟರ್ ಹತ್ರ ಹೋಗಿ. ಉತ್ಪ್ರೇಕ್ಷೆ ಅನ್ಕೋಬೇಡಿ, ವೈಶಾಲಿಯಲ್ಲಿ ದೇಹದ ಅಶುಭವನ್ನ, ಅಂದ್ರೆ ಅದರ ಕೊಳಕನ್ನ, ನೆನೆಯೋ ಧ್ಯಾನ ಮಾಡ್ತಾ ಮಾಡ್ತಾ ಭಿಕ್ಷುಗಳು ದೇಹದ ಮೇಲೆ ಹೇಸಿಗೆ ಹುಟ್ಟಿ ಪ್ರಾಣ ಕಳ್ಕೊಂಡ್ರು ಅಂತ ಭಿಕ್ಷುಗಳ ನಿಯಮದ ಗ್ರಂಥ ವಿನಯಪಿಟಕದಲ್ಲೇ ಇದೆ, ಆಗ ಬುದ್ಧ ಉಳಿದವರಿಗೆ ಹೇಳಿಕೊಟ್ಟಿದ್ದು ಉಸಿರು ಗಮನಿಸೋ ಆನಾಪಾನಸತಿ.

ಸಾವಿಗೆ ಯಾಕೆ ಹೆದರ್ತೀವಿ ಅನ್ನೋದಕ್ಕೆ ಅಂಗುತ್ತರ ನಿಕಾಯ ಅನ್ನೋ ಇನ್ನೊಂದು ಬೌದ್ಧ ಗ್ರಂಥದಲ್ಲಿ ಜಾಣುಸ್ಸೋಣಿ ಅನ್ನೋ ಬ್ರಾಹ್ಮಣನಿಗೆ ಬುದ್ಧ ನಾಲ್ಕು ಕಾರಣ ಕೊಡ್ತಾನೆ: ಸುಖದ ಆಸೆ, ದೇಹದ ಮೇಲಿನ ಮೋಹ, ಒಳ್ಳೇದು ಮಾಡದೇ ಕೆಟ್ಟದ್ದು ಮಾಡಿದೀನಿ ಅನ್ನೋ ಕೊರಗು, ಧರ್ಮದ ಬಗ್ಗೆ ಸಂಶಯ. ನಾನು ಮೊದಲು ಹುಡುಕೋದು ಮೂರನೇದನ್ನ, ಯಾಕಂದ್ರೆ ಅದಕ್ಕೆ ಎಷ್ಟೋ ಸಲ ಒಂದು ಫೋನ್ ಕಾಲ್ ಸಾಕಾಗುತ್ತೆ. ಮಾತು ಬಿಟ್ಟಿದ್ದ ತಮ್ಮ ಬಂದು ಕಾಲ ಹತ್ರ ಹತ್ತು ನಿಮಿಷ ಕೂತು ಹೋದ ಮೇಲೆ, ಯಾವ ಮಾತ್ರೆಗೂ ಬಗ್ಗದ ನಿದ್ದೆ ಆ ರಾತ್ರಿ ಬಂದಿದ್ದನ್ನ ನಾನೇ ನೋಡಿದೀನಿ.

ಪಕ್ಕದಲ್ಲಿ ಕೂತಿರೋರು ಏನು ಮಾಡ್ಬೇಕು ಅಂತ ಕೇಳ್ತಾರೆ. ಅವರ ಎದೆ ಏರಿಳಿಯೋದನ್ನ ನೋಡಿ. ಅವರು ಉಸಿರು ಬಿಟ್ಟಾಗ ನೀವೂ ಬಿಡಿ, ಕೇಳಿಸೋ ಹಾಗೆ, ನಿಧಾನಕ್ಕೆ. ಮಾತು ಬೇಡ. ಸುಮಾರು ಸಲ ಸ್ವಲ್ಪ ಹೊತ್ತಿಗೆ ಅವರು ನಿಮ್ಮ ಉಸಿರಿಗೆ ಬಂದು ಸೇರ್ಕೋತಾರೆ. ಸೇರ್ಕೊಳ್ಳದೇ ಇದ್ರೂ ಪರವಾಗಿಲ್ಲ, ನೀವು ಏಳ್ಬೇಡಿ.