ಪದ ಪರಿಚಯ: ಹೊಗೆರಹಿತ

ಮೊನ್ನೆ ಒಂದು ಆರೋಗ್ಯ ಬರಹದಲ್ಲಿ ಈ ವಾಕ್ಯ ಕಣ್ಣಿಗೆ ಬಿತ್ತು: “ಹೊಗೆರಹಿತ ತಂಬಾಕಿನಲ್ಲಿ ಹೊಗೆಯೇ ಇಲ್ಲದ್ದರಿಂದ ರಕ್ತದೊತ್ತಡಕ್ಕೆ ಅದರಿಂದ ತೊಂದರೆಯಿಲ್ಲ.” ಇದೇ ಅರ್ಥದ ಮಾತನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಒಬ್ಬರು ‘ಹೊಗೆರಹಿತ’ ಎಂದರೆ ನಿಕೋಟಿನ್ ಇಲ್ಲದ್ದು ಎಂದು ತಿಳಿದು ಬರೆಯುತ್ತಾರೆ, ಇನ್ನೊಬ್ಬರು ಅಪಾಯ ಇಲ್ಲದ್ದು ಎನ್ನುವ ಹಾಗೆ ಬಳಸುತ್ತಾರೆ. ಬರೆಯುವವರಿಗೆ ಯಾರಿಗೂ ಕೆಡುಕು ಮಾಡುವ ಉದ್ದೇಶ ಇರಲಿಕ್ಕಿಲ್ಲ. ಆದರೆ ಓದಿದವರು ಒಂದು ಕಡೆ ಬಿಪಿ ಮಾತ್ರೆ ನುಂಗುತ್ತ, ಇನ್ನೊಂದು ಕಡೆ ತುಟಿಯ ಹಿಂದೆ ಹೊಗೆಸೊಪ್ಪು ಒತ್ತಿಕೊಂಡು ನೆಮ್ಮದಿಯಿಂದ ಇದ್ದುಬಿಡುತ್ತಾರೆ. ಹಾಗಾಗಿ ಈ ಪದವನ್ನು ಬಿಚ್ಚಿ ನೋಡಲೇಬೇಕು.

ಮೊದಲು ‘ರಹಿತ’. ಸಂಸ್ಕೃತದ ‘ರಹ್’ ಧಾತುವಿಗೆ ತೊರೆ, ಅಗಲು ಎಂದರ್ಥ. ‘ವಿರಹ’ ಹುಟ್ಟಿದ್ದೂ ಅಲ್ಲಿಂದಲೇ. ಏಕಾಂತವೆಂಬ ಅರ್ಥದ ‘ರಹಸ್’, ಅದರ ಬೆನ್ನಿಗೆ ಬಂದ ‘ರಹಸ್ಯ’ ಕೂಡ ಅದೇ ಬಳಗ. ವಿರಹವೆಂದರೆ ಒಬ್ಬರು ದೂರವಾಗಿದ್ದಾರೆ ಎಂದಷ್ಟೇ, ಮನೆಯಲ್ಲಿ ಉಳಿದವರು ಯಾರೂ ಇಲ್ಲವೆಂದಲ್ಲ. ‘ರಹಿತ’ದ ಕೆಲಸವೂ ಅಷ್ಟೇ. ತನ್ನ ಹಿಂದಿರುವ ಒಂದು ಪದ ಹೇಳುವ ಒಂದು ವಸ್ತು ಇಲ್ಲ ಎನ್ನುತ್ತದೆ. ಉಳಿದದ್ದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಸೀಸರಹಿತ ಪೆಟ್ರೋಲ್ ಚೆನ್ನಾಗಿಯೇ ಉರಿಯುತ್ತದೆ. ತಂತಿರಹಿತ ಫೋನಿನಲ್ಲಿಯೂ ವಿದ್ಯುತ್ ಇರುತ್ತದೆ.

ಹಾಗಿದ್ದರೂ ‘ಹೊಗೆರಹಿತ’ ಕಿವಿಗೆ ಬಿದ್ದ ಕೂಡಲೇ ಮನಸ್ಸಿಗೆ ಏಕೆ ಹಾಯೆನಿಸುತ್ತದೆ? ನನಗೆ ತೋಚುವ ಕಾರಣ ಇದು. ಕನ್ನಡದಲ್ಲಿ ಒಳ್ಳೆಯದು ಇಲ್ಲದಿದ್ದರೆ ಹೆಚ್ಚಾಗಿ ‘ಹೀನ’ ಅನ್ನುತ್ತೇವೆ, ಕೆಟ್ಟದ್ದು ಇಲ್ಲದಿದ್ದರೆ ‘ರಹಿತ’ ಅನ್ನುತ್ತೇವೆ. ಬುದ್ಧಿಹೀನ, ಗುಣಹೀನ, ಶಕ್ತಿಹೀನ ಒಂದು ಸಾಲು. ದೋಷರಹಿತ, ಕಳಂಕರಹಿತ, ಭಯರಹಿತ ಇನ್ನೊಂದು ಸಾಲು. ‘ವಸತಿರಹಿತ’ದಂಥ ಅಪವಾದಗಳಿವೆ, ನಿಜ. ಆದರೂ ದೋಷರಹಿತದ ಪಕ್ಕದಲ್ಲಿ ಕೂತು ಕೂತು ‘ರಹಿತ’ಕ್ಕೆ ಒಂದು ಸದ್ಗುಣದ ವಾಸನೆ ಅಂಟಿಕೊಂಡಿದೆ. ‘ಹೊಗೆರಹಿತ ತಂಬಾಕು’ ಎಂದಾಗ ನಾವು ಕೇಳಿಸಿಕೊಳ್ಳುವುದು ವಿವರಣೆಯನ್ನಲ್ಲ, ಪ್ರಮಾಣಪತ್ರವನ್ನು. ಇದೇ ವಸ್ತುವನ್ನು ‘ಬಾಯಿ ತಂಬಾಕು’ ಎಂದು ಕರೆದಿದ್ದರೆ ಈ ಗೊಂದಲ ಹುಟ್ಟುತ್ತಲೇ ಇರಲಿಲ್ಲ. ಮೂಗಿಗೆ ಏರಿಸುವ ನಶ್ಯ ಆ ಹೆಸರಿನೊಳಗೆ ಬರುವುದಿಲ್ಲ ಎಂಬ ತಕರಾರು ಸರಿಯಾದದ್ದೇ. ಆದರೂ ಇಲ್ಲದ್ದನ್ನು ಹೇಳುವ ಹೆಸರಿಗಿಂತ ಇರುವುದನ್ನು ಹೇಳುವ ಹೆಸರು ಮೇಲು.

ಇನ್ನು ‘ಹೊಗೆ’. ತಂಬಾಕಿಗೆ ನಮ್ಮ ಹೆಸರೇ ಹೊಗೆಸೊಪ್ಪು. ಹಳಗನ್ನಡದ ‘ಪೊಗೆ’ ಹೊಸಗನ್ನಡದಲ್ಲಿ ‘ಹೊಗೆ’ ಆಯಿತು. ತಮಿಳಿನ ಪುಗೈಯಿಲೈ, ತೆಲುಗಿನ ಪೊಗಾಕು, ಮಲಯಾಳದ ಪುಕಯಿಲ ಎಲ್ಲವೂ ಅಕ್ಷರಶಃ ಹೊಗೆಯ ಎಲೆಯೇ. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಹಡಗು ಹತ್ತಿ ಬಂದಾಗ, ಅದನ್ನು ಸೇದುವುದನ್ನು ನೋಡಿದ ಜನ ಕಂಡದ್ದಕ್ಕೆ ಹೆಸರಿಟ್ಟರು. ‘ತಂಬಾಕು’ ಎಂಬ ಪದವಾದರೋ ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳ ‘ತಬಾಕೊ’ ಎಂಬುದು ಪಾರಸಿ, ಹಿಂದುಸ್ತಾನಿಗಳ ಬಾಯಲ್ಲಿ ತಿರುಗಿ ನಮ್ಮ ಬಳಿ ಬಂದದ್ದು. ಹೀಗಾಗಿ ‘ಹೊಗೆರಹಿತ ತಂಬಾಕು’ ಎಂಬುದನ್ನು ಅಚ್ಚಗನ್ನಡದಲ್ಲಿ ಹೇಳಲು ಹೊರಟರೆ ‘ಹೊಗೆಯಿಲ್ಲದ ಹೊಗೆಸೊಪ್ಪು’ ಎನ್ನಬೇಕಾಗುತ್ತದೆ. ಈ ವಿಚಿತ್ರ ಜೋಡಿಯನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಹೊಗೆ ಎಂಬುದು ಆ ಎಲೆಯನ್ನು ಬಳಸುವ ಒಂದು ವಿಧಾನದ ಹೆಸರೇ ಹೊರತು ಎಲೆಯ ಗುಣವಲ್ಲ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಬೆಂಕಿ ತಗಲಿಸದ ಮಾತ್ರಕ್ಕೆ ಎಲೆ ತನ್ನೊಳಗಿನ ವಸ್ತುವನ್ನು ಕಳೆದುಕೊಳ್ಳುವುದಿಲ್ಲ.

‘ನಶ್ಯ’ದ ಕತೆಯೂ ಹೀಗೆಯೇ. ಮೂಗಿಗೆ ಸಂಬಂಧಿಸಿದ್ದು ಎಂಬ ಅರ್ಥದ ‘ನಸ್ಯ’ ಆಯುರ್ವೇದದಲ್ಲಿ ಒಂದು ಚಿಕಿತ್ಸೆಯ ಹೆಸರು. ತಂಬಾಕಿನ ಪುಡಿ ಆ ಹೆಸರನ್ನು ಎರವಲು ಪಡೆಯಿತು, ಹೆಸರಿನ ಜೊತೆ ಔಷಧಿಯ ಗೌರವವನ್ನೂ ಪಡೆಯಿತು.

ಎಲೆಯೊಳಗಿನ ಆ ವಸ್ತುವಿನ ಹೆಸರು ನಿಕೋಟಿನ್. ಪೋರ್ಚುಗಲ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜ್ಯಾಂ ನಿಕೋ 1560ರ ಸುಮಾರಿಗೆ ತಂಬಾಕನ್ನು ಔಷಧಿಯೆಂದು ತನ್ನ ದೇಶದ ಅರಮನೆಗೆ ಕಳಿಸಿದ. ಅವನ ಹೆಸರಿನಿಂದ ಗಿಡದ ಕುಲಕ್ಕೆ ನಿಕೋಟಿಯಾನ ಎಂಬ ಹೆಸರಾಯಿತು, ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಅದನ್ನು ತನ್ನ ವರ್ಗೀಕರಣದಲ್ಲಿ ನೆಲೆಗೊಳಿಸಿದ. 1828ರಲ್ಲಿ ಜರ್ಮನಿಯ ಪೋಸೆಲ್ಟ್ ಮತ್ತು ರೈಮಾನ್ ಎಲೆಯಿಂದ ಆ ಕ್ಷಾರಾಭವನ್ನು (ಆಲ್ಕಲಾಯ್ಡ್) ಬೇರ್ಪಡಿಸಿದರು, ಅದು ನಿಕೋಟಿನ್ ಎನಿಸಿಕೊಂಡಿತು. ಗಿಡ ಇದನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಸಾಗಿಸುತ್ತದೆ, ಎಲೆ ತಿನ್ನಲು ಬರುವ ಕೀಟಗಳ ನರವ್ಯೂಹಕ್ಕೆ ಅದು ವಿಷ. ಈ ಇಡೀ ವಿದ್ಯಮಾನದಲ್ಲಿ ಬೆಂಕಿಯ ಪಾತ್ರವೇ ಇಲ್ಲ ಎಂಬುದನ್ನು ಗಮನಿಸಿ.

ತಂಬಾಕಿನಲ್ಲಿ ವಿಟಮಿನ್ ಇದೆ ಎಂಬ ಇನ್ನೊಂದು ಗೊಂದಲವನ್ನೂ ಇಲ್ಲೇ ಮುಗಿಸಿಬಿಡೋಣ. ‘ನಿಕೋಟಿನಿಕ್ ಆಮ್ಲ’ ಎಂಬುದು ಬಿ3 ಜೀವಸತ್ವ. ಹತ್ತೊಂಬತ್ತನೇ ಶತಮಾನದ ರಸಾಯನಜ್ಞರು ಅದನ್ನು ಮೊದಲು ಪಡೆದದ್ದು ನಿಕೋಟಿನನ್ನು ಉತ್ಕರ್ಷಿಸಿ (ಆಕ್ಸಿಡೈಸ್ ಮಾಡಿ), ಹಾಗಾಗಿ ಆ ಹೆಸರು. ಇದರಿಂದ ಜನ ತಂಬಾಕಿನಲ್ಲಿ ವಿಟಮಿನ್ ಇದೆಯೆಂದು ತಿಳಿದಾರೆಂಬ ಅಂಜಿಕೆಯಿಂದಲೇ 1940ರ ದಶಕದಲ್ಲಿ ಅದಕ್ಕೆ ನಿಯಾಸಿನ್ ಎಂಬ ಬೇರೆ ಹೆಸರು ಕೊಟ್ಟರು. ದೊಡ್ಡ ಪ್ರಮಾಣದ ನಿಯಾಸಿನ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮುಖ ಕೆಂಪಾಗಿಸುತ್ತದೆ. ನಿಕೋಟಿನ್ ಅವೇ ನಾಳಗಳನ್ನು ಕುಗ್ಗಿಸುತ್ತದೆ. ಹೆಸರು ಹತ್ತಿರ, ಕೆಲಸ ತದ್ವಿರುದ್ಧ. ಎಂಬತ್ತು ವರ್ಷಗಳ ಹಿಂದೆಯೇ ತಿದ್ದಿದ ತಪ್ಪನ್ನು ಇವತ್ತಿಗೂ ಮತ್ತೆ ಮತ್ತೆ ಹಂಚುತ್ತಿರುವುದು ಬೇಸರದ ಸಂಗತಿ.

ರಕ್ತದೊತ್ತಡದ ವಿಷಯಕ್ಕೆ ಬರೋಣ. ನಮ್ಮ ನರಗಳು ಪರಸ್ಪರ ಮಾತಾಡಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕೂರಬೇಕಾದ ಜಾಗದಲ್ಲಿ ನಿಕೋಟಿನ್ ಬಂದು ಕೂರುತ್ತದೆ. ಆ ಜಾಗಗಳಿಗೆ ವಿಜ್ಞಾನದಲ್ಲಿ ‘ನಿಕೋಟಿನಿಕ್ ಗ್ರಾಹಕ’ ಎಂದೇ ಹೆಸರು. ಅಪಾಯ ಎದುರಾದಾಗ ಓಡಲು ಅಥವಾ ಹೊಡೆದಾಡಲು ಮೈಯನ್ನು ಸಜ್ಜುಗೊಳಿಸುವ ನರಗಳ ಗಂಟುಗಳಲ್ಲಿಯೂ, ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿಯೂ ಈ ಗ್ರಾಹಕಗಳಿವೆ. ಅವು ಚುರುಕಾದರೆ ಅಡ್ರಿನಲಿನ್, ನಾರ್ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತವೆ. ಹೃದಯ ಬೇಗ ಬೇಗ, ಬಲವಾಗಿ ಬಡಿಯುತ್ತದೆ, ನಾಳಗಳು ಬಿಗಿಯುತ್ತವೆ. ಪಂಪು ಜೋರಾಗಿ, ಪೈಪು ಸಣ್ಣದಾದರೆ ಒಳಗಿನ ಒತ್ತಡ ಏರಲೇಬೇಕು. ಬಿಪಿಯ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 10 ಮಿಲಿಮೀಟರ್‌ನಷ್ಟು, ಕೆಲವರಲ್ಲಿ ಅದಕ್ಕೂ ಹೆಚ್ಚು ಏರುತ್ತದೆ. ನಿಕೋಟಿನ್ ಶ್ವಾಸಕೋಶದಿಂದ ಬಂತೋ, ಒಸಡಿನಿಂದ ಬಂತೋ, ಮೂಗಿನ ಒಳಪೊರೆಯಿಂದ ಬಂತೋ ಎಂದು ಗ್ರಾಹಕ ವಿಚಾರಿಸುವುದಿಲ್ಲ.

ದಾರಿಯಿಂದ ಬದಲಾಗುವುದು ವೇಗ. ಸಿಗರೇಟಿನ ದಮ್ಮಿನ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಬಾಯಲ್ಲಿಟ್ಟದ್ದು ನಿಧಾನವಾಗಿ, ಸುಮಾರು ಅರ್ಧ ಗಂಟೆ ಹೊತ್ತು ಏರುತ್ತ ಹೋಗಿ, ಆಮೇಲೂ ತಟ್ಟನೆ ಇಳಿಯುವುದಿಲ್ಲ. ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕಿಳಿಯಲು ಸುಮಾರು ಎರಡು ಗಂಟೆ ಬೇಕು, ಅಷ್ಟರೊಳಗೆ ಮತ್ತೊಂದು ಚಿಟಿಕೆ ಬಾಯಿಗೆ ಹೋಗಿರುತ್ತದೆ. ಸಿಗರೇಟಿನದು ಚೂಪು ಶಿಖರವಾದರೆ ಇದು ಅಗಲವಾದ ದಿಬ್ಬ. ದಿನವಿಡೀ ಬಳಸುವವರ ಮೈಗೆ ಸೇರುವ ಒಟ್ಟು ನಿಕೋಟಿನ್ ದಿನವಿಡೀ ಸೇದುವವರದಕ್ಕೆ ಹೆಚ್ಚುಕಡಿಮೆ ಸಮವೇ. ಜಗಿಯುವ ತಂಬಾಕಿನ ಜೊತೆ ಸುಣ್ಣ ಬೆರೆಸುವುದೂ, ಕಾರ್ಖಾನೆಗಳು ಸೋಡಿಯಂ ಕಾರ್ಬೊನೇಟಿನಂಥ ಕ್ಷಾರ ಸೇರಿಸುವುದೂ ಬರೀ ರುಚಿಗಲ್ಲ. ಕ್ಷಾರದ ವಾತಾವರಣದಲ್ಲಿ ನಿಕೋಟಿನ್ ವಿದ್ಯುದಾವೇಶ ಕಳೆದುಕೊಂಡು ಬಾಯಿಯ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಅಂದರೆ ಹೊಗೆ ಮಾಡುತ್ತಿದ್ದ ಸಾಗಾಟದ ಕೆಲಸವನ್ನು ಇಲ್ಲಿ ಸುಣ್ಣ ವಹಿಸಿಕೊಂಡಿದೆ.

ಬಿಪಿ ಏರಿಸುವುದಕ್ಕೆ ನಿಕೋಟಿನ್ ಒಂದೇ ಅಲ್ಲ. ಇಂಥ ಹಲವು ಉತ್ಪನ್ನಗಳಲ್ಲಿ ಉಪ್ಪು, ಸೋಡಾದ ರೂಪದಲ್ಲಿ ಸೋಡಿಯಂ ಸಾಕಷ್ಟಿರುತ್ತದೆ. ಕೆಲವದರಲ್ಲಿ ಸಿಹಿಗಾಗಿ ಜೇಷ್ಠಮಧು ಹಾಕುತ್ತಾರೆ. ಅದರೊಳಗಿನ ಗ್ಲಿಸಿರೈಜಿನ್ ಎಂಬ ಅಂಶ ಮೂತ್ರಪಿಂಡವನ್ನು ಮೋಸಗೊಳಿಸಿ ಸೋಡಿಯಂ ಉಳಿಸಿಕೊಳ್ಳುವಂತೆ, ಪೊಟ್ಯಾಸಿಯಂ ಹೊರಹಾಕುವಂತೆ ಮಾಡುತ್ತದೆ. ಜೊಲ್ಲನ್ನು ಉಗುಳದೆ ನುಂಗುವವರಿಗೆ ಇದರ ಪಾಲು ಹೆಚ್ಚು.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಮಾತು: “ಒಂದು ಚಿಟಿಕೆ ಹಾಕಿಕೊಂಡರೆ ಒತ್ತಡ ಇಳಿಯುತ್ತೆ.” ಕನ್ನಡದಲ್ಲಿ ಮನಸ್ಸಿನ ಒತ್ತಡಕ್ಕೂ ನಾಳದ ಒತ್ತಡಕ್ಕೂ ಒಂದೇ ಪದ. ಎರಡರ ಮೂಲವೂ ‘ಒತ್ತು’ ಎಂಬ ಕ್ರಿಯಾಪದ. ಮನಸ್ಸಿನ ಒತ್ತಡಕ್ಕೆ ಅಳತೆಗೋಲಿಲ್ಲ, ರಕ್ತದ ಒತ್ತಡವನ್ನು ಪಾದರಸದ ಮಿಲಿಮೀಟರ್‌ಗಳಲ್ಲಿ ಅಳೆಯುತ್ತೇವೆ. ಹೆಸರು ಒಂದೇ ಆದ್ದರಿಂದ ಒಂದು ಇಳಿದರೆ ಇನ್ನೊಂದೂ ಇಳಿಯಿತು ಎಂದು ಜನ ನಂಬುತ್ತಾರೆ. ನಡೆಯುವುದು ಬೇರೆಯೇ. ನಿಕೋಟಿನ್‌ಗೆ ಒಗ್ಗಿದ ಮಿದುಳಿಗೆ ಅದು ಕಡಿಮೆಯಾಗುತ್ತ ಬಂದ ಹಾಗೆ ಚಡಪಡಿಕೆ, ಸಿಡುಕು ಶುರುವಾಗುತ್ತವೆ. ಮುಂದಿನ ಚಿಟಿಕೆ ಆ ಚಡಪಡಿಕೆಯನ್ನು ಅಡಗಿಸುತ್ತದೆ, ಅದೇ ನಮಗೆ ನೆಮ್ಮದಿಯಾಗಿ ತೋರುತ್ತದೆ. ಮನಸ್ಸು ಹಗುರಾಯಿತು ಅನ್ನಿಸುವ ಅದೇ ಗಳಿಗೆಯಲ್ಲಿ ನಾಡಿ ಓಡುತ್ತಿರುತ್ತದೆ, ನಾಳ ಬಿಗಿಯುತ್ತಿರುತ್ತದೆ. ‘ಒತ್ತಡ ಇಳಿಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿ ಹಾಗೆ ಅನ್ನಿಸುತ್ತದೆ. ಪದ ಒಂದೇ ಆದ್ದರಿಂದ ಆ ಅನಿಸಿಕೆಯನ್ನು ರಕ್ತದೊತ್ತಡದ ಲೆಕ್ಕಕ್ಕೆ ಜಮಾ ಮಾಡುತ್ತೇವೆ, ತಪ್ಪಾಗುವುದು ಅಲ್ಲಿ.

ಹಾಗಾದರೆ ಬಾಯಿ ತಂಬಾಕು ಕಾಯಂ ಅಧಿಕ ರಕ್ತದೊತ್ತಡ ತರುತ್ತದೆಯೇ? ಇಲ್ಲಿ ಎರಡು ಮಾತನ್ನು ಬೇರೆ ಬೇರೆ ಇಡಬೇಕು. ಬಳಸಿದ ಹೊತ್ತಿನಲ್ಲಿ ಒತ್ತಡ ಏರುವುದು ಖಚಿತ. ವರ್ಷಗಟ್ಟಲೆ ಬಳಸಿದವರಲ್ಲಿ ಅದು ಕಾಯಿಲೆಯಾಗಿ ನಿಲ್ಲುತ್ತದೆಯೇ ಎಂಬುದಕ್ಕೆ ಅಧ್ಯಯನಗಳ ಉತ್ತರ ಒಂದೇ ತೆರನಾಗಿಲ್ಲ. ಉತ್ಪನ್ನ ಬೇರೆ, ಬಳಸುವ ಪ್ರಮಾಣ ಬೇರೆ, ದೇಹದ ತೂಕ ಬೇರೆ, ಬಿಪಿ ಅಳೆದ ಹೊತ್ತೂ ಬೇರೆ. ಆದರೆ ಹೃದಯಕ್ಕೆ ಬೀಳುವ ಹೊರೆ ಬಿಪಿಯ ಅಂಕಿಯೊಂದರಲ್ಲೇ ಮುಗಿಯುವುದಿಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ 2006ರ ವರದಿಯಲ್ಲಿ, ತಂಬಾಕು ಜಗಿಯುವವರಿಗೆ ಹೃದಯಾಘಾತದ ಸಂಭವ ಬಳಸದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕಂಡಿತು. ಕ್ಯಾನ್ಸರಿನ ಮಾತು ಪ್ರತ್ಯೇಕ. ಹೊಗೆರಹಿತ ತಂಬಾಕು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಯಾವ ಅನುಮಾನವೂ ಉಳಿದಿಲ್ಲ. ಹೊಗೆ ಇಲ್ಲದ್ದರಿಂದ ಇಂಗಾಲದ ಮೊನಾಕ್ಸೈಡ್ ಇಲ್ಲ, ಶ್ವಾಸಕೋಶಕ್ಕೆ ಟಾರ್ ಇಲ್ಲ. ಇದು ನಿಜವಾದ ವ್ಯತ್ಯಾಸ, ಒಪ್ಪೋಣ. ‘ರಹಿತ’ ಹೇಳುವುದು ಅಷ್ಟನ್ನೇ.

ಇತ್ತೀಚೆಗೆ ‘ತಂಬಾಕುರಹಿತ’ ಎಂಬ ಇನ್ನೊಂದು ಪದ ಬಂದಿದೆ. ತುಟಿಯಡಿ ಇಡುವ ಬಿಳಿ ನಿಕೋಟಿನ್ ಪೌಚ್‌ಗಳ ಮೇಲೆ ಕಾಣಿಸುತ್ತದೆ. ಎಲೆ ಇಲ್ಲ, ನಿಕೋಟಿನ್ ಇದೆ. ಬಿಪಿಯ ಮಟ್ಟಿಗೆ ಮತ್ತೆ ಅದೇ ಕತೆ. ತಂಬಾಕು ಬಿಡಿಸಲು ವೈದ್ಯರು ಕೊಡುವ ನಿಕೋಟಿನ್ ಗಮ್, ಪಟ್ಟಿಗಳನ್ನು ಇದರ ಜೊತೆ ಸೇರಿಸಿ ಹೆದರಬೇಡಿ. ಅವು ಅಳತೆ ಮಾಡಿದ ಪ್ರಮಾಣದಲ್ಲಿ, ಒಂದು ಅವಧಿಗೆ, ಬಿಡುವುದಕ್ಕೆಂದೇ ಇರುವಂಥವು.

ಬಿಪಿ ಅಳೆಸುವ ಮುಂಚಿನ ಅರ್ಧ ಗಂಟೆ ಕಾಫಿ, ವ್ಯಾಯಾಮ, ತಂಬಾಕು ಯಾವುದೂ ಬೇಡ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಬೇಕು ಎಂಬುದು ನಿಯಮ. ಬಹಳಷ್ಟು ಕಡೆ ಇದನ್ನು ‘ಸಿಗರೇಟು ಸೇದಬೇಡಿ’ ಎಂದಷ್ಟೇ ಬರೆದಿರುತ್ತಾರೆ. ನಮ್ಮ ಚಿಕ್ಕಪ್ಪನನ್ನು ಹಲವು ವರ್ಷ ಪ್ರತಿ ಸಲವೂ ಕೇಳಿದ್ದು ಒಂದೇ ಪ್ರಶ್ನೆ: “ಸ್ಮೋಕ್ ಮಾಡ್ತೀರಾ?” ಅವರು ಪ್ರತಿ ಸಲವೂ “ಇಲ್ಲಮ್ಮ, ಜೀವಮಾನದಲ್ಲೇ ಸೇದಿಲ್ಲ” ಎಂದರು. ಅದು ನೂರಕ್ಕೆ ನೂರು ನಿಜ. ಹಾಗೆ ಹೇಳುವಾಗ ಕೆಳತುಟಿಯ ಹಿಂದೆ ಹೊಗೆಸೊಪ್ಪಿನ ಉಂಡೆ ಇರುತ್ತಿತ್ತು. ಅಂಕಿ ಏರಿಯೇ ಬರುತ್ತಿತ್ತು, ಮಾತ್ರೆಯ ಪ್ರಮಾಣವೂ ಏರುತ್ತ ಹೋಯಿತು. ಕೊನೆಗೊಮ್ಮೆ ಹೊಸದಾಗಿ ಬಂದ ನರ್ಸ್ ತೋಳಿಗೆ ಪಟ್ಟಿ ಸುತ್ತುವ ಮೊದಲು ಅವರ ಮುಖ ನೋಡಿ, “ಬಾಯಲ್ಲಿ ಏನಿದೆ ಅಜ್ಜಾ? ಉಗುಳಿ ಬನ್ನಿ, ಅರ್ಧ ಗಂಟೆ ಬಿಟ್ಟು ನೋಡೋಣ” ಎಂದರು. ಅವತ್ತು ಮೊದಲ ಸಲ ಅವರ ಕಡತದಲ್ಲಿ ‘ತಂಬಾಕು: ಹೌದು’ ಎಂದು ಬರೆದರು.