ತಲೆ ತಗ್ಗಿದ ಕಾಲಿಗೆ ತಪ್ಪು ಹೊರಿಸಬೇಡಿ

ಕುದುರೆ ಕುಂಟಿದ ಕೂಡಲೇ ಸುತ್ತ ನಿಂತವರು 'ಭುಜ ಜಾರಿದೆ' ಅಂದುಬಿಡುತ್ತಾರೆ. ಇನ್ನು ಕೆಲವರು ಮೈಮೇಲೆ ಕೆಟ್ಟ ಸುಳಿ ಹುಡುಕುತ್ತಾರೆ. ಹೆಗಲ ಹಲಗೆಗೂ ಎದೆಗೂಡಿಗೂ ನಡುವೆ ಜಾರುವುದಕ್ಕೆ ಕೀಲೇ ಇಲ್ಲ; ಕುದುರೆಯ ಮೈ ಮುಂಗಾಲುಗಳ ನಡುವೆ ಸ್ನಾಯುಗಳ ಜೋಲಿಯಲ್ಲಿ ತೂಗಿದೆ. ಮುಂಗಾಲು ಕುಂಟಿದರೆ ಕಾರಣ ಹೆಚ್ಚಿನ ಸಲ ಗೊರಸಿನಲ್ಲೇ ಸಿಗುತ್ತದೆ. ಭುಜಕ್ಕೆ ಬರೆ ಎಳೆದರೆ ಇದ್ದ ನೋವಿಗೆ ಸುಟ್ಟಗಾಯ ಸೇರುತ್ತದೆ, ಅಷ್ಟೆ.

ಯಾವ ಕಾಲು ಎಂಬುದನ್ನು ತಲೆಯೇ ಹೇಳುತ್ತದೆ. ಗಟ್ಟಿ ನೆಲದ ಮೇಲೆ ನೇರಕ್ಕೆ ಟ್ರಾಟ್ (ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ) ಓಡಿಸಿ. ಹಗ್ಗ ಸಡಿಲವಿರಲಿ, ಬಿಗಿ ಹಿಡಿದರೆ ತಲೆ ಆಡುವುದಿಲ್ಲ, ಪರೀಕ್ಷೆ ಅಲ್ಲಿಗೇ ಕೆಟ್ಟಿತು. ಟ್ರಾಟ್‌ನಲ್ಲಿ ಎಡ ಮುಂಗಾಲು ಬಲ ಹಿಂಗಾಲಿನೊಂದಿಗೆ, ಬಲ ಮುಂಗಾಲು ಎಡ ಹಿಂಗಾಲಿನೊಂದಿಗೆ ಊರುತ್ತದೆ. ಎರಡೇ ಪೆಟ್ಟಿನ ತಾಳವಾದ್ದರಿಂದ ತಪ್ಪಿದರೆ ಕಿವಿಗೂ ಗೊತ್ತಾಗುತ್ತದೆ. ನೋಯುವ ಮುಂಗಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಗಟ್ಟಿ ಕಾಲು ಊರಿದಾಗ ತಗ್ಗುತ್ತದೆ. ತಲೆ ತಗ್ಗಿದ ಕಾಲನ್ನೇ ಹಿಡಿದು ಔಷಧಿ ಹಚ್ಚುವವರು ಬಹಳ.

ತಲೆ, ಕುತ್ತಿಗೆ ಸೇರಿದರೆ ಮೈತೂಕದ ಸುಮಾರು ಹತ್ತನೇ ಒಂದು ಪಾಲು: 450 ಕೆ.ಜಿ. ಕುದುರೆಯಲ್ಲಿ 45 ಕೆ.ಜಿ. ಉದ್ದ ಕುತ್ತಿಗೆಯ ತುದಿಯಲ್ಲಿ ಅದು ಏತದ ಮರಕ್ಕೆ ಕಟ್ಟಿದ ಭಾರದ ಹಾಗೆ. ತಲೆ ಎತ್ತಿದರೆ ಭಾರ ಹಿಂದಕ್ಕೆ ಸರಿದು ನೋಯುವ ಮುಂಗಾಲು ಹಗುರಾಗುತ್ತದೆ. ಗಾಡಿಯಲ್ಲಿ ಮೂಟೆ ಹಿಂದಕ್ಕೆ ಸರಿಸಿದರೆ ಎತ್ತಿನ ಹೆಗಲು ಹಗುರಾಗುವುದಿಲ್ಲವೇ? ಮುಳ್ಳು ತುಳಿದವರು ಆ ಕಾಲೂರುವಾಗ ಮೈ ಎತ್ತಿಕೊಳ್ಳುವುದೂ ಇದೇ ಲೆಕ್ಕ.

ಹಿಂಗಾಲು ಮಾತ್ರ ಮೋಸ ಮಾಡುತ್ತದೆ. ಎಡ ಹಿಂಗಾಲು ನೋಯುತ್ತಿದ್ದರೆ ಭಾರವನ್ನು ಮುಂದಕ್ಕೆ ದಾಟಿಸಲು ಅದು ಊರಿದಾಗ ಕುದುರೆ ತಲೆ ತಗ್ಗಿಸುತ್ತದೆ. ಅದೇ ಹೊತ್ತಿಗೆ ಊರಿರುವುದು ಬಲ ಮುಂಗಾಲು. ಹಾಗಾಗಿ ಎಡ ಮುಂಗಾಲೇ ಕುಂಟಿದಂತೆ ಕಾಣುತ್ತದೆ. ಸೊಂಟದ ಎರಡೂ ಬದಿಯ ಎಲುಬಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಹಿಂದಿನಿಂದ ನೋಡಿ. ಹೆಚ್ಚು ಏರಿಳಿಯುವ ಬದಿಯೇ ನೋವಿನದು. ಬರಿಗಣ್ಣಿಗೆ ಇದು ಸುಲಭವಲ್ಲ. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುವುದನ್ನು ತೋರಿಸಲು 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲು ಕ್ಯಾಮೆರಾ ಹೂಡಬೇಕಾಯಿತು. ಈಗ ಮೊಬೈಲಿನ ಸ್ಲೋ ಮೋಷನ್ ಸಾಕು.

ಕಾಲು ಗೊತ್ತಾದ ಮೇಲೆ ಗೊರಸಿನಿಂದ ಶುರು. ಅಂಗಾಲು ಕೆರೆದು ಮೊಳೆ, ಕಲ್ಲು ಹುಡುಕಬೇಕು. ಇಕ್ಕಳದಿಂದ ಸುತ್ತಲೂ ಒತ್ತಬೇಕು. ಗೆಣ್ಣಿನ ಹಿಂದೆ ನಾಡಿ ಜೋರಾಗಿ ಬಡಿದು, ಗೊರಸು ಬಿಸಿಯಿದ್ದು, ರಾತ್ರೋರಾತ್ರಿ ಕಾಲೂರದಂತಾಗಿದ್ದರೆ ಒಳಗೆ ಕೀವಾಗಿರುವ ಸಾಧ್ಯತೆ ಹೆಚ್ಚು.

ಏನೂ ಸಿಗದಿದ್ದರೆ ಪಶುವೈದ್ಯರು ನರಕ್ಕೆ ಮರಗಟ್ಟಿಸುವ ಮದ್ದು ಕೊಡುತ್ತಾರೆ: ಗೊರಸಿನ ಹಿಂಬದಿಯ ಎರಡೂ ಪಕ್ಕದಲ್ಲಿ 2% ಮೆಪಿವಕೇನ್ ಸುಮಾರು 1.5 ಮಿ.ಲೀ., 5ರಿಂದ 10 ನಿಮಿಷ ಬಿಟ್ಟು ಮತ್ತೆ ಟ್ರಾಟ್. ಕುಂಟು ನಿಂತರೆ ನೋವು ಅದಕ್ಕಿಂತ ಕೆಳಗಿದೆ. ನಿಲ್ಲದಿದ್ದರೆ ಒಂದು ಹಂತ ಮೇಲೆ. ಮೇಲಿನಿಂದ ಶುರು ಮಾಡಿದರೆ ಕೆಳಗಿನದೆಲ್ಲ ಒಮ್ಮೆಗೇ ಮರಗಟ್ಟಿ ಜಾಗವೇ ತಿಳಿಯುವುದಿಲ್ಲ. ಎಲುಬು ಬಿರಿದಿರುವ ಅನುಮಾನವಿದ್ದರೆ ಮೊದಲು ಎಕ್ಸ್‌ರೇ. ಮರಗಟ್ಟಿ ನೋವು ತಿಳಿಯದ ಕಾಲಿನ ಮೇಲೆ ಕುದುರೆ ಪೂರ್ತಿ ಭಾರ ಹಾಕುತ್ತದೆ, ಬಿರುಕು ಮುರಿತವಾಗುತ್ತದೆ.